ಕಸ್ತೂರಿ ಹೇಳಿದ ಒಡಪು

ದವಾಖಾನೆಗೆ ಹೊಸದಾಗಿ ಸೇರಿದ ಹುಡುಗಿಯರು ನನ್ನನ್ನು ಮೊದಲು ಕೇಳುವುದು ವಾಸನೆಯ ವಿಷಯ. "ಆಯಿ, ಸುಟ್ಟವರ ಕೋಣ್ಯಾಗಿನ ವಾಸನಿ ಯಾವಾಗ ರೂಢಿ ಆಗತೈತ್ರಿ?" ಅನ್ನುತ್ತಾರೆ. ರೂಢಿ ಆಗುವುದಿಲ್ಲ. ಆಗುತ್ತದೆ ಎಂದು ಹೇಳುವವರು ಆ ಕೋಣೆಯ ಬಾಗಿಲ ತನಕ ಬಂದು ಹೊರಳಿ ಹೋದವರು. ನಾನು ನೌಕರಿ ಮಾಡಿದಷ್ಟು ಕಾಲವೂ ಮನೆಗೆ ಹೋಗಿ ತಲೆಯ ಮೇಲೆ ನೀರು ಹಾಕಿಕೊಂಡೇ ರೊಟ್ಟಿ ಬಡಿದಿದ್ದೇನೆ. ಆ ಕೆಲಸಕ್ಕೆ ಬರುವವರಿಗೆ ನಾನು ಹೇಳಬೇಕಾದದ್ದು ವಾಸನೆಯ ಮಾತಲ್ಲ. ಬೇರೆ ಇದೆ.

ನನ್ನೂರು ಸಂಪಗಾಂವ. ನಾಲ್ಕನೆಯ ಇಯತ್ತೆಗೆ ಸಾಲಿ ಬಿಡಿಸಿದರು. ನಮ್ಮವರು ಆರೋಗ್ಯ ಇಲಾಖೆಯ ಜೀಪು ಓಡಿಸುತ್ತಿದ್ದರು. ಆ ಜೀಪಿನಲ್ಲಿಯೇ ಸತ್ತರು. ಅವರು ಹೋದ ಮೇಲೆ ಸರಕಾರ ನನಗೆ ಆಯಾ ಕೆಲಸ ಕೊಟ್ಟಿತು. ಸೇರುವ ದಿನ ಅರ್ಜಿಯಲ್ಲಿ ಗಂಡನ ಹೆಸರು ತುಂಬಬೇಕಿತ್ತು. ಗುಮಾಸ್ತರಿಗೆ ಅವರ ಪರಿಚಯವಿತ್ತು, ತಾವೇ ಬರೆದುಕೊಂಡರು. ನಾನು ಹೇಳಬೇಕಾಗಲಿಲ್ಲ. ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಬಾಯಿಂದ ಆಡುವುದಿಲ್ಲ. ಆಡಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಅನ್ನುತ್ತಾರೆ. ನಾನಂತೂ ಒಮ್ಮೆಯೂ ಆಡಿರಲಿಲ್ಲ. ಆದರೂ ಅವರು ಹೋದರು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕೂ ಕಡೆ ಕೆಲಸ ಮಾಡಿದ್ದೇನೆ. ಯಾವ ಮಾತು ಯಾವ ಊರಿನ ದವಾಖಾನೆಯದು ಎಂದು ಇಲ್ಲಿ ಹೇಳುವುದಿಲ್ಲ, ಹೆಸರುಗಳನ್ನೂ ಬದಲು ಮಾಡಿದ್ದೇನೆ. ಇನ್ನೂ ಜನ ಬದುಕಿದ್ದಾರೆ.

ಕೆಲಸ ಕಲಿಸಿದವಳು ಗಂಗವ್ವ, ನನಗಿಂತ ಹಿರಿಯ ಆಯಾ. ಬಾಯಿ ಬಲು ಕೆಟ್ಟದ್ದು, ಕೈ ಮಾತ್ರ ಹತ್ತಿಯಂಥದ್ದು. ಸುಟ್ಟ ಹೆಣ್ಣುಮಗಳು ಬಂದ ಕೂಡಲೇ ಬಳೆ ಒಡೆದು ತೆಗೆ, ಕಾಲುಂಗುರ ಕತ್ತರಿಸು, ಬಾವು ಬಂದ ಮೇಲೆ ಬರುವುದಿಲ್ಲ ಅನ್ನುತ್ತಿದ್ದಳು. ಅಂಟಿದ ಸೀರೆ ಕೀಳಬೇಡ, ಸುತ್ತ ಕತ್ತರಿಸು. ಬಾಳೆ ಎಲೆ ಹಾಸು. ನೀರು ನೀರು ಅಂದರೆ ಡಾಕ್ಟರರನ್ನು ಕೇಳಿ ಹತ್ತಿಯಲ್ಲಿ ತುಟಿ ಒದ್ದೆ ಮಾಡು. ಇವೆಲ್ಲ ಒಂದು ವಾರದಲ್ಲಿ ಬರುತ್ತವೆ. ಗಂಗವ್ವ ಕಲಿಸಿದ ಇನ್ನೊಂದು ಮಾತು ಗಟ್ಟಿಯಾದದ್ದು: ಮನೆಯ ಮಂದಿಯನ್ನು ಹೊರಗೆ ಹಾಕುವುದು.

ಸುಟ್ಟವರು ಮೊದಲ ದಿನ ಚಲೋ ಮಾತಾಡುತ್ತಾರೆ. ಅಷ್ಟೆಲ್ಲ ಸುಟ್ಟರೂ ಹೆಸರು, ಊರು ಹೇಳುತ್ತಾರೆ, ಮಕ್ಕಳ ಊಟ ವಿಚಾರಿಸುತ್ತಾರೆ. ನೋಡಿದವರು ಉಳಿಯುತ್ತಾಳೆ ಅಂದುಕೊಳ್ಳುತ್ತಾರೆ. ಹೆಚ್ಚು ಸುಟ್ಟವರು ಉಳಿಯುವುದಿಲ್ಲ. ಅದಕ್ಕೇ ಮಾತಿರುವಾಗಲೇ ಫೌಜದಾರರು ತಹಶೀಲ್ದಾರರಿಗೆ ಹೇಳಿಕಳಿಸುತ್ತಾರೆ. ತಹಶೀಲ್ದಾರರು ಬಂದು ಕೇಳಿ ಬರೆದುಕೊಳ್ಳುತ್ತಾರೆ, ಮೈಮೇಲೆ ಪ್ರಜ್ಞೆ ಇದೆ ಎಂದು ಡಾಕ್ಟರು ಸಹಿ ಹಾಕುತ್ತಾರೆ. ಸತ್ತ ಮೇಲೆ ಕೋರ್ಟಿನಲ್ಲಿ ಅವಳ ಬದಲಿಗೆ ಆ ಮಾತು ನಿಲ್ಲಬೇಕು. ಆ ಹೊತ್ತಿನಲ್ಲಿ ಅತ್ತೆ, ಗಂಡ, ಮೈದುನ ಮಂಚದ ಸುತ್ತ ನಿಂತಿದ್ದರೆ ಬರುವುದು ಒಂದೇ ಮಾತು: ಸ್ಟೋ ಸಿಡಿಯಿತು.

ಒಬ್ಬ ಅತ್ತೆ ಹೊರಗೆ ಹೋಗಲು ಒಪ್ಪಲೇ ಇಲ್ಲ. "ಸೊಸಿ ಅಲ್ಲ ಬೇ, ಮಗಳಿದ್ಹಂಗ. ಸ್ಟೋ ಸಿಡದ ಹಿಂಗಾತು," ಎಂದು ಎದೆ ಬಡಿದುಕೊಂಡಳು. ಗಂಗವ್ವ ಅವಳ ಸೆರಗಿನ ಹೊಗೆ ಮೂಸಿ, "ನಿಮ್ಮ ಮನ್ಯಾಗ ಇನ್ನೂ ಕಟಗಿ ಒಲಿ ಉರೀತೈತಲ್ಲ ಯವ್ವಾ, ಸ್ಟೋ ಏನ ಬೀಗರ ಮನಿಯಿಂದ ಬಂದಿತ್ತೇನು ಸಿಡಿಯಾಕ? ನಡಿ ಹೊರಗ," ಎಂದು ರಟ್ಟೆ ಹಿಡಿದು ಹೊರಗೆ ಬಿಟ್ಟಳು. ಕೋಣೆಯೊಳಗೆ ತಹಶೀಲ್ದಾರರು, ಡಾಕ್ಟರು, ನಾವಿಬ್ಬರು ಆಯಾಗಳು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಆ ಹುಡುಗಿ ಇನ್ನೇನು ಖರೆ ಹೇಳುತ್ತಾಳೆ ಅನ್ನುವಾಗ ಕಿಟಕಿಯ ಆಚೆ ಆ ಅತ್ತೆ ಬಂದು ನಿಂತಳು. ಬಗಲಲ್ಲಿ ಹುಡುಗಿಯ ಕೂಸು ಇತ್ತು. ಅದನ್ನು ಎತ್ತಿ ಕಿಟಕಿಗೆ ಹಿಡಿದಳು, ಅಷ್ಟೇ. ಹುಡುಗಿ ನೋಡಿದಳು. "ಸ್ಟೋ ಸಿಡೀತ್ರಿ ಸಾಹೇಬ್ರ," ಅಂದಳು. ಮರುದಿನ ಸತ್ತಳು. ಅಂದಿನಿಂದ ನಾನು ಮಂದಿಯನ್ನು ಹೊರಗೆ ಹಾಕಿದ ಮೇಲೆ ಕಿಟಕಿಯನ್ನೂ ಹಾಕುತ್ತಿದ್ದೆ.

ಕಸ್ತೂರಿ ಬಂದಾಗ ಗಂಗವ್ವ ನಿವೃತ್ತಳಾಗಿದ್ದಳು. ಕೋಣೆ ನನ್ನ ಪಾಲಿಗಿತ್ತು.

ಕಸ್ತೂರಿಯ ತವರು ಉಗರಗೋಳ. ಅವಳ ತಾಯಿ ಬಾಳವ್ವ ದೇವಿಯ ಗುಡ್ಡದ ಹಾದಿಯಲ್ಲಿ ಭಂಡಾರದ ಅರಿಷಿಣ, ಬಳೆ ಮಾರುವವಳು. ಮಗಳನ್ನು ಕೊಟ್ಟದ್ದು ಮಲಪ್ರಭೆಯ ದಂಡೆಯ ಒಂದು ಊರಿಗೆ, ಅಣ್ಣತಮ್ಮ ಇಬ್ಬರೂ ಕೂಡಿ ಇದ್ದ ಮಗ್ಗದ ಮನೆಗೆ. ಕಸ್ತೂರಿಗೆ ಪಾರಿ ಎಂಬ ಒಬ್ಬ ಸಣ್ಣ ಮಗಳು. ಎತ್ತಿನ ಗಾಡಿಯಲ್ಲಲ್ಲ, ಜೀಪಿನಲ್ಲಲ್ಲ, ನೂಲಿನ ಗಂಟು ಸಾಗಿಸುವ ಟೆಂಪೋದಲ್ಲಿ ಕಸ್ತೂರಿಯನ್ನು ತಂದರು. ಮೋರೆ ಒಂದು ಬಿಟ್ಟು ಎಲ್ಲ ಸುಟ್ಟಿತ್ತು. ಬಳೆ ಒಡೆಯುವಾಗ ನನ್ನನ್ನೇ ನೋಡುತ್ತಿದ್ದಳು.

"ಅಕ್ಕಾರ, ಪಾರಿ ಎಲ್ಲಿ ಅದಾಳ್ರಿ?"

"ಹೊರಗ ನಿಮ್ಮವ್ವನ ತೊಡಿ ಮ್ಯಾಲ ಮಲಗ್ಯಾಳವ್ವ."

"ಅವ್ವನ ಕಡೆನ ಇರ್ಲಿ. ಆ ಮನಿಗೆ ಹೊಳ್ಳಿ ಹೋಗಬಾರದ್ರಿ ಆಕಿ. ನಾ ಏನ ಹೇಳಿದ್ರ ಹಂಗ ಆಗತೈತಿ?"

ಏನೂ ಹೇಳಿಕೊಡಬಾರದು ಎಂದು ಗಂಗವ್ವ ಕಲಿಸಿದ್ದಳು. "ಆದದ್ದು ಹೇಳವ್ವ," ಅಂದೆ. ಅದಕ್ಕಿಂತ ಹೆಚ್ಚಿಗೆ ಒಂದು ಅಕ್ಷರ ನಾನು ಆಡಲಿಲ್ಲ.

ಆಗಿದ್ದ ತಹಶೀಲ್ದಾರರು ನಮ್ಮ ಕಡೆಯವರೇ. ನಿವೃತ್ತಿಗೆ ಹತ್ತಿರ ಬಂದಿದ್ದರು. ನಾನು ಕಂಡ ಸಾಹೇಬರಲ್ಲಿ ಕೆಲವರು ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲಲ್ಲೇ ನಿಂತು, ತಲೆ ಅಲ್ಲಾಡಿಸಿದ್ದನ್ನೇ ಉತ್ತರ ಎಂದು ಬರೆದುಕೊಂಡು ಹೋದವರು. ಇವರು ಸ್ಟೂಲು ಎಳೆದುಕೊಂಡು ಮಂಚದ ಹತ್ತಿರ ಕುಳಿತರು. ಡಾಕ್ಟರು ಮೈಸೂರು ಕಡೆಯ ಎಳೆಯ ಹುಡುಗಿ, ನಾವು ಡಾಕ್ಟರ್ ಬಾಯಾರು ಅನ್ನುತ್ತಿದ್ದೆವು. ಅವರು ನಾಡಿ ನೋಡಿ, ನಾಲ್ಕು ಮಾತು ಕೇಳಿ, ಪ್ರಜ್ಞೆ ಸರಿಯಾಗಿದೆ ಎಂದು ಸಹಿ ಹಾಕಿದರು. ನಾನು ಕಿಟಕಿ ಹಾಕಿ ತಲೆಯ ಹತ್ತಿರ ನಿಂತೆ. ಇಳಿಹೊತ್ತು. ಹೊರಗೆ ಯಾವುದೋ ಮದುವೆಯ ಬ್ಯಾಂಡು ಹೋಗುತ್ತಿತ್ತು.

"ತಂಗಿ, ಹೆಂಗ ಸುಟ್ಟಿತು?"

"ಚಿಮಣಿ ಎಣ್ಣಿ ಸುರುವಿ ಕಡ್ಡಿ ಕೊರದ್ರು."

"ಯಾರು ಸುರುವಿದ್ರು?"

"ಅವರ್ರಿ."

"ಅವರಂದ್ರ ಯಾರವ್ವ?"

"ಅವರ ಸಾಹೇಬ್ರ. ಅವರು."

ತಹಶೀಲ್ದಾರರು ಪೆನ್ನು ಎತ್ತಿ ಹಿಡಿದರು. ಆ ಮನೆಯಲ್ಲಿ ಗಂಡಸರು ಇಬ್ಬರು. ನಿನ್ನ ಗಂಡನೇನು ಎಂದು ಅವರು ಕೇಳುವ ಹಾಗಿಲ್ಲ, ಕೇಳಿದರೆ ಉತ್ತರ ಬಾಯಿಗೆ ಇಟ್ಟಂತಾಗುತ್ತದೆ. ಅವಳ ಬಾಯಿಂದಲೇ ಬರಬೇಕು. "ಹೆಸರು ಹೇಳವ್ವ. ಬರೇ ಅವರು ಅಂದ್ರ ನಡಿಯೂದಿಲ್ಲ," ಅಂದರು.

ಕಸ್ತೂರಿ ಅವರನ್ನು ನೋಡಿದಳು, ನನ್ನನ್ನು ನೋಡಿದಳು. "ಹೆಂಗ ಹೇಳ್ಲಿರಿ? ನಾಲಿಗಿ ಹೊಳ್ಳೂದಿಲ್ಲ."

"ನಿನಗ ಹೆಂಗ ಹೇಳಾಕ ಬರತೈತಿ ಹಂಗ ಹೇಳು. ನಾ ಹಂಗ ಬರಕೊಂತೇನಿ."

ಆಮೇಲೆ ಸಣ್ಣ ದನಿಯಲ್ಲಿ, ಪ್ರತಿ ಶಬ್ದವನ್ನೂ ಬಿಡಿಸಿ ಹೇಳಿದಳು:

"ಮಲಪ್ರಭಾ ನೀರಿಗೆ ಹಸರಾತು ಹೊಲಾ,
ಮಹಾದೇವ್ರಾಯರ ಹೆಸರ ಹೇಳ್ತೇನಿ, ಕೇಳ್ರಿ ಎಲ್ಲಾ."

ಹೇಳಿ, "ಅವರ್ರಿ. ಅವರ ಸುರುವಿದ್ರು," ಅಂದಳು.

ಬೇರೆ ಕಡೆಯ ಓದುಗರಿಗೆ ತಿಳಿಯಲೆಂದು ಹೇಳುತ್ತೇನೆ. ಇದಕ್ಕೆ ನಾವು ಒಡಪು ಅನ್ನುತ್ತೇವೆ. ಮದುವೆಯಾದ ಹೊಸದರಲ್ಲಿ ಹೊಸ್ತಿಲಲ್ಲಿ ಅಡ್ಡ ನಿಂತು ಗಂಡನ ಹೆಸರು ಹೇಳು ಎಂದು ಕಾಡುತ್ತಾರೆ. ಹಾಗೇ ಹೇಳುವಂತಿಲ್ಲ. ಎರಡು ಸಾಲಿನ ಪ್ರಾಸದ ಮಾತು ಕಟ್ಟಿ ಅದರ ನಡುವೆ ಹೆಸರು ಸೇರಿಸಿ ಹೇಳಿದರೆ ದೋಷವಿಲ್ಲ. ಹೆಂಡತಿ ಗಂಡನ ಹೆಸರು ಆಡಲು ನಮ್ಮಲ್ಲಿ ಇರುವ ಬಾಗಿಲು ಅದೊಂದೇ. ಕಸ್ತೂರಿ ಮದುವೆಯಲ್ಲಿ ಹೇಳಿದ್ದ ಒಡಪು ಅದು. ತನ್ನನ್ನು ಸುಟ್ಟವನ ಆಯುಷ್ಯಕ್ಕೆ ದೋಷ ಬರದ ಹಾಗೆ ಅವನ ಹೆಸರು ಹೇಳಿದಳು.

ತಹಶೀಲ್ದಾರರು ಕನ್ನಡಕ ತೆಗೆದು ಒರೆಸಿಕೊಂಡು, ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದರು. ಓದಿ ಹೇಳಿದರು. ಸರಿ ಐತ್ರಿ ಅಂದಳು. ಕೈಯ ಹೆಬ್ಬೆರಳಲ್ಲಿ ಚರ್ಮವಿರಲಿಲ್ಲ, ಕಾಲಿನ ಹೆಬ್ಬೆರಳಿಗೆ ಶಾಯಿ ಹಚ್ಚಿ ಒತ್ತಿಸಿಕೊಂಡರು. ಡಾಕ್ಟರ್ ಬಾಯಾರು ಹೊರಗೆ ಬಂದು ನನ್ನನ್ನು ಕೇಳಿದರು, "ಆಯಮ್ಮ, ಅವಳು ಯಾಕೆ ಹಾಡು ಹೇಳಿದಳು?" ನಾನು ಒಡಪಿನ ವಿಷಯ ತಿಳಿಸಿ ಹೇಳಿದೆ. "ಹೌದಾ, ನಾನು ತಲೆ ಕೆಟ್ಟಿತೇನೋ ಅಂದುಕೊಂಡೆ," ಅಂದರು.

ಕಸ್ತೂರಿ ಮೂರನೆಯ ದಿನ ಹೋದಳು. ಬಾಳವ್ವ ಅಳಲಿಲ್ಲ. ಪಾರಿಯನ್ನು ಬಗಲಿಗೆ ಹಾಕಿಕೊಂಡು ಉಗರಗೋಳಕ್ಕೆ ಹೋದಳು. ಮಹಾದೇವ ಜೈಲಿಗೆ ಹೋದ, ಜಾಮೀನಿನ ಮೇಲೆ ಬಂದ.

ಕೇಸು ದೊಡ್ಡ ಕೋರ್ಟಿಗೆ ಬರುವ ಹೊತ್ತಿಗೆ ನನಗೆ ಬೇರೆ ಊರಿಗೆ ವರ್ಗವಾಗಿತ್ತು. ಸಮನ್ಸು ಬಂತು. ಸರಕಾರಿ ವಕೀಲರು ವರಾಂಡದಲ್ಲಿ ನಿಲ್ಲಿಸಿಕೊಂಡು ಹೇಳಿದರು, "ಆಯವ್ವ, ಅವರ ವಕೀಲ ಒಡಪು ಹಿಡಕೊಂಡ ಕುಂತಾನ. ಬುದ್ಧಿ ಭ್ರಮಿ ಆಗಿ ಮದಿವಿ ಹಾಡು ಹಾಡ್ಯಾಳ ಅನ್ನಾಕ ಹತ್ಯಾನ. ಡಾಕ್ಟರ್ ಬಾಯಾರು ಸುಳ್ಳು ಹೇಳೂ ಪೈಕಿ ಅಲ್ಲ. ಒಂದ ಗಳಿಗಿ ನನಗೂ ಹಂಗ ಅನಿಸಿತು ಅಂತ ಹೇಳಿಬಿಟ್ಟಾರ. ಈಗ ನಿಮ್ಮ ಮ್ಯಾಲ ಐತಿ. ನಮ್ಮ ಕಡೆ ಪದ್ಧತಿ ಹಿಂಗ ಅಂತ ಬಿಡಿಸಿ ಹೇಳ್ರಿ. ಕೇಳಿದ್ದಕ್ಕ ಪಟ್ಟನ ಉತ್ತರ ಕೊಡ್ರಿ. ತಡವರಿಸಿದ್ರಿ ಅಂದ್ರ ಸುಳ್ಳು ಸಾಕ್ಷಿ ಅಂತಾರ."

ಅಲ್ಲೇ ನಿಂತಿದ್ದ ಪೇದೆ, "ಮೊದಲ ನಿಮ್ಮ ಹೆಸರು, ಗಂಡನ ಹೆಸರು, ವಯಸ್ಸು ಕೇಳತಾರ ನೋಡ್ರಿ. ಅಲ್ಲೇ ಮುಗ್ಗರಿಸಬ್ಯಾಡ್ರಿ," ಎಂದ.

ಗೋಡೆಯ ಕಡೆ ಮೋರೆ ಮಾಡಿ ನಿಂತೆ. ತುಟಿಯೊಳಗೇ ಆ ಹೆಸರನ್ನು ಹೇಳಿ ನೋಡಿದೆ. ಬರಲಿಲ್ಲ. ಇನ್ನೊಮ್ಮೆ ನೋಡಿದೆ. ಬಾಳವ್ವ ಎದುರಿನ ಬೆಂಚಿನ ಮೇಲೆ ಪಾರಿಯನ್ನು ಕೂಡಿಸಿಕೊಂಡು ಕುಂತಿದ್ದಳು. ಪಾರಿ ಆಗಲೇ ಸಾಲಿಗೆ ಹೋಗುವಷ್ಟು ದೊಡ್ಡದಾಗಿತ್ತು. ಆ ಹುಡುಗಿಯನ್ನು ನೋಡಿ, ಸತ್ತವರ ಆಯುಷ್ಯಕ್ಕೆ ಏನು ಕಡಿಮೆಯಾದೀತು ಎಂದು ಗಟ್ಟಿ ಮನಸ್ಸು ಮಾಡಿದೆ.

ಕಟಕಟೆಯಲ್ಲಿ ಪ್ರಮಾಣ ಮಾಡಿಸಿದರು. ಹೆಸರು? ಹೇಳಿದೆ. ಗಂಡನ ಹೆಸರು? ಇಡೀ ಕೋರ್ಟಿಗೆ ಕೇಳುವ ಹಾಗೆ, ತಡವರಿಸದೆ, ಪಟ್ಟನೆ ಹೇಳಿದೆ. ನನ್ನ ಕಿವಿಗೇ ಅದು ಯಾರದೋ ದನಿಯಂತೆ ಕೇಳಿಸಿತು. ಸರಕಾರಿ ವಕೀಲರು ಕೇಳಿದ್ದಕ್ಕೆಲ್ಲ ನೆಟ್ಟಗೆ ಹೇಳಿದೆ. ಒಡಪು ಎಂದರೇನು, ಯಾಕೆ ಹೇಳುತ್ತಾರೆ, ಕಸ್ತೂರಿ ಹೇಗೆ ಹೇಳಿದಳು, ಎಲ್ಲ. ಅವರು ತಲೆದೂಗಿ ಕುಳಿತರು. ಚಲೋ ಆಯಿತು ಅಂದುಕೊಂಡೆ.

ಆಮೇಲೆ ಆರೋಪಿಯ ವಕೀಲರು ಎದ್ದರು. ವಯಸ್ಸಾದವರು, ಬಾಯಿ ತುಂಬ ತಾಯಿ ಅನ್ನುವವರು.

"ತಾಯಿ, ನಿಮ್ಮೂರು ಯಾವುದು?"

"ಸಂಪಗಾಂವ್ರಿ."

"ಸಾಲಿ ಎಷ್ಟು ಕಲತೀರಿ?"

"ನಾಕನೇ ಇಯತ್ತೇರಿ."

"ಹಂಗಾರ ಹಳೇ ಕಾಲದವರು ನೀವು. ನಿಮ್ಮ ಕಡೆ ಹೆಣ್ಮಕ್ಕಳು ಜೀವಾ ಹೋದ್ರೂ ಗಂಡನ ಹೆಸರು ಬಾಯಿಬಿಟ್ಟು ಹೇಳೂದಿಲ್ಲ ಅಂದ್ರೆಲ್ಲ?"

"ಹೌದ್ರಿ, ಹೇಳೂದಿಲ್ರಿ."

"ಯಾರೂ?"

"ಯಾರೂ ಹೇಳೂದಿಲ್ರಿ."

ಅವರು ಮೆಲ್ಲಗೆ ನ್ಯಾಯಾಧೀಶರ ಕಡೆ ತಿರುಗಿ, ಮತ್ತೆ ನನ್ನ ಕಡೆ ತಿರುಗಿದರು. "ಈಗಿಂದೀಗ, ಇದ ಜಾಗಾದಾಗ ನಿಂತು ನಿಮ್ಮ ಗಂಡನ ಹೆಸರು ಯಾರ ಹೇಳಿದ್ರು ತಾಯಿ? ನೀವ ಹೇಳಿದ್ರೋ, ನಿಮ್ಮ ನೆರಳ ಹೇಳಿತೋ?"

ಹಿಂದೆ ಕುಳಿತಿದ್ದ ವಕೀಲರು ನಕ್ಕರು.

"ಅದು ಇವತ್ತ ಮೊದಲನೇ ಸಲಾರಿ," ಅಂದೆ. "ಆ ಸತ್ತ ಹುಡುಗಿ ಸಲವಾಗಿ ಹೇಳಿದೆ."

"ಮೊದಲನೇ ಸಲ! ಒಡಪು ಇಲ್ಲ, ಹಾಡು ಇಲ್ಲ. ಕೇಳಿದ ಕೂಡಲೇ ಪಟ್ಟನ ಬಂತು. ಬ್ಯಾರೇದಾಕಿ ಸಲವಾಗಿ ನಿಮ್ಮ ಬಾಯಾಗ ಬಂದದ್ದು, ಸಾಯಾಕ ಹತ್ತಿದಾಕಿಗೆ ತನ್ನ ಸಲವಾಗಿ ಬರಲಿಲ್ಲ? ಸಾಕು ತಾಯಿ, ಕೆಳಗಿಳೀರಿ."

ಇಳಿದೆ. ಏನಾಯಿತು ಎಂದು ತಿಳಿಯಲು ನನಗೆ ಬಾಗಿಲ ತನಕ ಬರಬೇಕಾಯಿತು. ತಡವರಿಸಬೇಡ ಎಂದಿದ್ದರು. ನಾನು ತಡವರಿಸಿದ್ದರೆ, ನಾಚಿದ್ದರೆ, ಕಾಗದದಾಗ ಐತಿ ನೋಡ್ಕೊಳ್ರಿ ಎಂದು ಹಟ ಹಿಡಿದಿದ್ದರೆ, ಅದೇ ಕಸ್ತೂರಿಗೆ ಸಾಕ್ಷಿಯಾಗುತ್ತಿತ್ತು. ಅವಳಿಗಾಗಿ ನಾನು ಮುರಿದದ್ದೇ ಅವಳ ಮಾತನ್ನು ಮುರಿಯಿತು.

ಬಾಳವ್ವ ನನ್ನ ಹತ್ತಿರ ಬಂದಳು. ವಕೀಲರ ಮಾತು ಅವಳಿಗೆ ಪೂರಾ ತಿಳಿದಿರಲಿಲ್ಲ. ಆದರೆ ಒಂದು ಮಾತು ಅವಳ ಕಿವಿಗೆ ಬಿದ್ದಿತ್ತು.

"ಅಕ್ಕಾ, ಗಂಡನ ಹೆಸರು ಹೆಂಗ ಹೇಳಿದಿ ನೀ?"

"ನಿನ್ನ ಮಗಳ ಸಲವಾಗಿ ಹೇಳಿದೆ."

ಅವಳು ನನ್ನ ಕೈ ಹಿಡಿದಳು. ಬಿಡಲಿಲ್ಲ. "ಆ ಒಡಪು ನಾ ಕಟ್ಟಿಕೊಟ್ಟಿದ್ದೆ ಅಕ್ಕಾ," ಅಂದಳು. "ಮದಿವ್ಯಾಗ ಆಕಿ ಮೂರು ಸಲ ಮರತಳು. ಎಲ್ಲಾರೂ ನಕ್ಕರು. ಇವತ್ತ ಕೋರ್ಟಿನ ಕ್ಲಾರ್ಕ್ ಅದನ್ನ ಓದಿದನಲ್ಲ, ಸಂತಿ ರೇಟು ಓದಿದ್ಹಂಗ ಓದಿದ."

ತೀರ್ಪು ಬರಲು ಇನ್ನೂ ಕೆಲವು ತಿಂಗಳು ಹಿಡಿಯಿತು. ಓಣಿಯ ಸಾಕ್ಷಿಗಳೆಲ್ಲ ತಿರುಗಿಬಿದ್ದಿದ್ದರು. ಉಳಿದದ್ದು ಕಸ್ತೂರಿಯ ಮಾತೊಂದೇ. ಹೇಳುವಾಗ ಅವಳ ಚಿತ್ತ ಸ್ವಸ್ಥವಾಗಿತ್ತೆಂದು ನಂಬಲು ಬರುವುದಿಲ್ಲ ಎಂದು ಬರೆದರಂತೆ. ಮಹಾದೇವನನ್ನು ಬಿಟ್ಟರು. ನ್ಯಾಯಾಧೀಶರನ್ನು ನಾನು ಬೈಯುವುದಿಲ್ಲ. ಅವರು ಆ ಕೋಣೆಯಲ್ಲಿ ಇರಲಿಲ್ಲ. ಅವರ ಮುಂದೆ ಇದ್ದದ್ದು ಒಂದು ಕಾಗದ, ಮತ್ತೆ ನಾನು.

ಬಿಡುಗಡೆಯಾದ ಮೇಲೆ ಅವನು ಪಾರಿಯನ್ನು ಕರೆದೊಯ್ಯಲು ಉಗರಗೋಳಕ್ಕೆ ಬಂದ. ತಂದೆ, ಹಕ್ಕು ಅವನದು. ಬಾಳವ್ವ ಊರ ಹಿರಿಯರ ಕಾಲು ಹಿಡಿದಳು, ಅವರು ನೆಲ ನೋಡಿದರು. ಇದನ್ನೆಲ್ಲ ನನಗೆ ಹೇಳಿದವಳು ಬಾಳವ್ವನೇ. ಗುಡ್ಡಕ್ಕೆ ಹೋದಾಗ ಅವಳ ಅಂಗಡಿಯ ಮುಂದೆ ನಿಂತಿದ್ದೆ. ಕರೆದು ಕೂಡಿಸಿದಳು, ಚಹಾ ತರಿಸಿದಳು. "ಆ ಕೂಸು ಗಾಡಿ ಮ್ಯಾಲ ಕುಂತು ಹೊಳ್ಳಿ ನೋಡಲಿಲ್ಲಕ್ಕಾ. ಅಪ್ಪ ಹೊಸಾ ಅಂಗಿ ತಂದಿದ್ದ, ಅದನ್ನ ನೋಡ್ಕೋತ ಹೋತು," ಅಂದಳು. ಆಮೇಲೆ ಬಂದ ಗಿರಾಕಿಗೆ ಬಳೆ ತೊಡಿಸಿದಳು. ಪಾರಿ ಈಗ ದೊಡ್ಡವಳಾಗಿರಬೇಕು. ಎಲ್ಲಿದ್ದಾಳೆ ಎಂದು ನನಗೂ ಗೊತ್ತಿಲ್ಲ, ಬಾಳವ್ವನಿಗೂ ಗೊತ್ತಿರಲಿಲ್ಲ. ಬಾಳವ್ವ ಈಗಿಲ್ಲ.

ಆ ತಹಶೀಲ್ದಾರರು ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. ನಿವೃತ್ತರಾಗಿ ಚಚಡಿಯ ಕಡೆ ತಮ್ಮ ಹೊಲ ನೋಡಿಕೊಂಡಿದ್ದರು. ಕೇಳಿದೆ, "ಸಾಹೇಬ್ರ, ಒಡಪು ಬಿಟ್ಟು ಬರೇ ಹೆಸರು ಬರಕೊಂಡಿದ್ರ ಆಗ್ತಿರಲಿಲ್ಲೇನ್ರಿ?" "ಕೇಸ ನಿಂದರತಿತ್ತು ಆಯವ್ವ. ಆದ್ರ ಆಕಿ ಹೇಳಿದ್ಹಂಗ ಬರಕೊಂತೇನಿ ಅಂತ ಮಾತು ಕೊಟ್ಟಿದ್ದೆನಲ್ಲ," ಅಂದರು. ಅವರ ಬಸ್ಸು ಬಂತು.

ಈಗ ಪದ್ಧತಿ ಬದಲಾಗಿದೆ. ಫೋನಿನಲ್ಲಿ ಚಿತ್ರ ಹಿಡಿಯುತ್ತಾರೆ, ದನಿ ಕೇಳುತ್ತದೆ, ಮೋರೆ ಕಾಣುತ್ತದೆ. ಡಾಕ್ಟರು ಮೊದಲೊಮ್ಮೆ, ಕೊನೆಗೊಮ್ಮೆ ಸಹಿ ಹಾಕುತ್ತಾರೆ. ಸೊಸೆಯಂದಿರೂ ಈಗ ಗಂಡನನ್ನು ಹೆಸರು ಹಿಡಿದೇ ಕೂಗುತ್ತಾರೆ, ನನ್ನ ಸೊಸೆಯೂ ಕೂಗುತ್ತಾಳೆ. ಒಳ್ಳೆಯದೇ. ಆದರೂ ಆ ಕೋಣೆಗೆ ಹೋಗುವ ಹುಡುಗಿಯರೇ, ನಾಲಿಗೆ ಹೊರಳದ ಹೆಣ್ಣುಮಗಳು ಇಂದಿಗೂ ಒಬ್ಬಿಬ್ಬರು ಬರುತ್ತಾರೆ. ಗಂಡನ ಹೆಸರು ಅಲ್ಲದಿದ್ದರೆ ಇನ್ನೊಂದಕ್ಕೆ ಹೊರಳುವುದಿಲ್ಲ. ಯಾಕೆ ಹೊರಳುತ್ತಿಲ್ಲ ಎನ್ನುವುದನ್ನು ಅಲ್ಲೇ, ಅದೇ ಕಾಗದದಲ್ಲಿ, ಬರೆಯಬೇಕೆಂದು ಸಾಹೇಬರಿಗೆ ಹೇಳಿರಿ. ಆಮೇಲೆ ಕೋರ್ಟಿನಲ್ಲಿ ನಮ್ಮಂಥವರು ಬಂದು ಹೇಳಿದರೆ ನಡೆಯುವುದಿಲ್ಲ. ಮತ್ತೆ ಕಿಟಕಿ ಹಾಕುವುದನ್ನು ಮರೆಯಬೇಡಿರಿ.

ಹೋದ ವರ್ಷ ಪಿಂಚಣಿಯ ಸಲುವಾಗಿ ಬದುಕಿದ್ದೇನೆ ಎಂದು ತೋರಿಸಲು ಕಚೇರಿಗೆ ಹೋಗಿದ್ದೆ. ಕಂಪ್ಯೂಟರಿನ ಮುಂದೆ ಕುಳಿತ ಹುಡುಗಿ ಹೆಸರು ಕೇಳಿದಳು, ಹೇಳಿದೆ. ಗಂಡನ ಹೆಸರು ಕೇಳಿದಳು.

"ಕಾಗದದಾಗ ಐತಿ ನೋಡವ್ವ."

"ಐತ್ರಿ ಆಯಿ, ನೀವೊಮ್ಮಿ ಬಾಯಿಂದ ಹೇಳ್ರಿ, ಕಾಗದಕ್ಕ ಹೊಂದತೈತೇನ ನೋಡ್ಬೇಕು."

"ನೀನ ಓದು. ನಾ ಹೂಂ ಅಂತೇನಿ."

"ಈಗಿನ ಕಾಲದಾಗ ಎಂಥಾ ನಾಚಿಕಿರಿ ಆಯಿ? ಒಂದ ಸಲ ಹೇಳಿದ್ರ ಏನಾಗತೈತಿ?" ಎಂದು ಆ ಹುಡುಗಿ ನಕ್ಕಳು.

ಹಿಂದೆ ಸರತಿಯಲ್ಲಿ ನಿಂತವರು ಗೊಣಗತೊಡಗಿದರು. ನಾನು ಬಾಯಿ ಮುಚ್ಚಿಕೊಂಡೇ ನಿಂತೆ. ಕಡೆಗೆ ಅವಳೇ ಓದಿದಳು. ನಾನು ಹೂಂ ಅಂದೆ.